ಕಾಣಲಾರದ ಗ್ವಾಡಿ

ಹೋದ ಸಲ ಮೆಂತೆ ಹಿಟ್ಟಿನ ಬಗ್ಗೆ ಬರದಾಗ ನಮ್ಮ ಹುಬ್ಬಳ್ಳಿ ವೈನಿ ಫೋನ್ ಮಾಡಿ, "ಹಿಟ್ಟು ಚಟ್ನಿ ಸಾಕವಾ, ಏನರೆ ಹಳೇ ಕಾಲದ ಇತಿಹಾಸ ಬರಿ" ಅಂದ್ರು. ಬರದೇನ್ರಿ ವೈನಿ. ಆದ್ರ ನೀವು ಅನ್ಕೊಂಡ ಇತಿಹಾಸ ಅಲ್ಲ. ಕಿತ್ತೂರೂ ಅಲ್ಲ, ಬಾದಾಮೀನೂ ಅಲ್ಲ. ವಿಡಿಯೋ ಗೇಮಿನ ಇತಿಹಾಸ. ಅದರಾಗೂ ಆಟದೊಳಗ ಇರೋ, ಕಣ್ಣಿಗೆ ಕಾಣಲಾರದ ಗ್ವಾಡಿಗಳ ಇತಿಹಾಸ. ನಗಬ್ಯಾಡ್ರಿ. ಇದಕ್ಕೊಂದು ಕಾರಣ ಅದ. ಆ ಕಾರಣದಾಗ ನಿಮ್ಮೆಲ್ಲಾರ ಮುಂದ ನಾ ಒಪ್ಪಿಕೋಬೇಕಾದ ತಪ್ಪೂ ಒಂದದ.

ನಮ್ಮ ಸಣ್ಣಾಕಿ ಬೆಂಗಳೂರಾಗ ನೌಕರಿ ಮಾಡ್ತಾಳ ಅಂತ ನಿಮಗೆಲ್ಲಾ ಗೊತ್ತದ. "ಏನ ನೌಕರಿ?" ಅಂತ ಕೇಳಿದಾಗೆಲ್ಲಾ ನಾ "ಸಾಫ್ಟ್‌ವೇರ್" ಅಂತ ಹೇಳ್ಕೋತ ಬಂದೇನಿ. ಅರಿಷಿಣ ಕುಂಕುಮಕ್ಕ ಬಂದವರಿಗೂ ಹೇಳೇನಿ, ಬಾಜೂಮನಿ ಕಾಕುಗೂ ಹೇಳೇನಿ. ಖರೇ ಅಂದ್ರ ಅಕಿ ಕೆಲಸ ವಿಡಿಯೋ ಗೇಮ್ ಟೆಸ್ಟ್ ಮಾಡೂದು. ಆಟ ಪ್ಯಾಟಿಗೆ ಬರೂಕಿಂತ ಮೊದಲ ಅದನ್ನ ಆಡಿ, ಎಲ್ಲೆಲ್ಲಿ ಏನೇನು ಕೆಟ್ಟದ ಅಂತ ಹುಡಿಕಿ ಬರದು ಕೊಡೂದು. "ದಿನಾ ಎಂಟು ತಾಸು ಆಟ ಆಡ್ತಾಳ, ಅದಕ್ಕ ಪಗಾರ ಕೊಡ್ತಾರ" ಅಂತ ಹೇಳಲಿಕ್ಕೆ ನನಗ ನಾಚಿಕಿ ಬರ್ತಿತ್ತು.

ಹೋದ ದೀಪಾವಳಿ ಮುಂದ ಒಂದು ಸಂಬಂಧ ಬಂತು. ಛಲೋ ಮನಿತನ. ಹುಡುಗನ ತಾಯಿ ಫೋನಿನಾಗ ಕೇಳಿದ್ರು, ನಾ ಎಂದಿನಂಗ "ಸಾಫ್ಟ್‌ವೇರ್ ರೀ" ಅಂದೆ. ಅವರು "ಯಾವುದರಾಗ, ಬ್ಯಾಂಕಿಂದೋ ಏನು?" ಅಂದ್ರು. ನಾ "ಹೂಂ, ಅಂಥಾದ್ದ" ಅಂದ್ಬಿಟ್ಟೆ. ಹಿಂದ ತಿರುಗಿ ನೋಡಿದ್ರ ಅಕಿ ಅಡಿಗಿಮನಿ ಬಾಗಲದಾಗ ನಿಂತಿದ್ಲು. ಅಂದ ಮುಂಜಾನೆನ ರಜಾ ಹಾಕಿ ಬಂದಿದ್ಲು ಕೂಸು. ಜಗಳ ಮಾಡಲಿಲ್ಲ. "ಅವ್ವಾ, ನನ್ನ ಕೆಲಸ ಏನಂತ ನಿನಗ ಗೊತ್ತದೇನು?" ಅಂತ ಕೇಳಿದ್ಲು, ಅಷ್ಟ. ನನಗ ಉತ್ತರ ಬರಲಿಲ್ಲ. ಯಾಕಂದ್ರ ಖರೇನ ಗೊತ್ತಿರಲಿಲ್ಲ.

ಆ ಮೂರು ದಿನ ಹಬ್ಬದಾಗ, ಚಕ್ಕಲಿ ಕರಿದು, ಎಣ್ಣಿ ನೀರು ಮುಗದ ಮ್ಯಾಲೆ, ರಾತ್ರಿ ಅಕಿ ಲ್ಯಾಪ್‌ಟಾಪ್ ತಗದು ನನ್ನ ಬಾಜೂಕ ಕೂಡಿಸಿಕೊಂಡ್ಲು. ಒಂದೊಂದ ಹಳೇ ಆಟ ತೋರಿಸಿ ತೋರಿಸಿ ಹೇಳಿದ್ಲು. ಆಮ್ಯಾಲೆ ನಾನೂ ಓದಿ ತಿಳಕೊಂಡೆ. ಅದನ್ನ ಇಲ್ಲೆ ಬರದೇನಿ.

ಮೊದಲ ಈ ಗ್ವಾಡಿ ಅಂದ್ರ ಏನು ಅಂತ ನೋಡೋಣು. ಆಟದಾಗ ಒಂದು ಊರು ಇರ್ತದ ಅನ್ಕೋರಿ. ಗಿಡ, ಗುಡ್ಡ, ಹಾದಿ ಎಲ್ಲಾ ಕಾಣಸ್ತಾವ. ನೀವು ಗೊಂಬಿನ್ನ ನಡಸಕೋತ ಹೊಂಟೀರಿ. ಮುಂದ ಬಯಲು ಅದ, ಏನೂ ಅಡ್ಡ ಇಲ್ಲ. ಆದ್ರ ಒಂದು ಜಾಗಾಕ್ಕ ಬಂದ ಮ್ಯಾಲೆ ಗೊಂಬಿ ಕಾಲು ಆಡಸ್ತದ, ಮುಂದ ಮಾತ್ರ ಹೋಗೂದಿಲ್ಲ. ಗಾಳಿಗೆ ಹಣಿ ಹಚ್ಚಿ ನಿಂತಂಗ ನಿಲ್ತದ. ಅದ ಕಾಣಲಾರದ ಗ್ವಾಡಿ.

ನನ್ನ ಮಗಳು ಹೇಳಿದ್ದು ಏನಂದ್ರ, ಆಟದಾಗ ಯಾವಾಗಲೂ ಎರಡು ಊರು ಒಂದರ ಮ್ಯಾಲೊಂದು ಕೂತಿರ್ತಾವ. ಒಂದು ಕಣ್ಣಿಗೆ, ಒಂದು ಮೈಗೆ. ಕಣ್ಣಿನ ಊರಾಗ ಬಣ್ಣ ಅದ, ನೆರಳದ. ಮೈಯ ಊರಾಗ ಬರೇ "ಇಲ್ಲೆ ಹೋಗಬಹುದು, ಇಲ್ಲೆ ಹೋಗಬಾರದು" ಅನ್ನೋ ಲೆಕ್ಕ ಅಷ್ಟ. ಎರಡೂ ಸರಿಯಾಗಿ ಕೂತ್ರ ನಮಗ ಏನೂ ಗೊತ್ತಾಗೂದಿಲ್ಲ. ಒಂದಕ್ಕೊಂದು ಸರದ್ರ, ಇಲ್ಲದ ಗ್ವಾಡಿಗೆ ಬಡಕೋತೀವಿ, ಇಲ್ಲಾ ಇದ್ದ ಗ್ವಾಡಿಯೊಳಗಿಂದ ಪಾರಾಗಿ ಹೋಗ್ತೀವಿ.

ಇನ್ನ ಇತಿಹಾಸಕ್ಕ ಬರೋಣು. 1962ರಾಗ ಅಮೆರಿಕಾದ ಎಂಐಟಿ ಒಳಗ ಸ್ಟೀವ್ ರಸೆಲ್ ಮತ್ತ ಅವನ ಗೆಳ್ಯಾರು ಸ್ಪೇಸ್‌ವಾರ್ ಅನ್ನೋ ಆಟ ಮಾಡಿದ್ರು. ಎರಡು ರಾಕೆಟ್ ಒಂದಕ್ಕೊಂದು ಗುಂಡು ಹೊಡಿಯೂದು. ಪರದೆ ಮುಗಿದಲ್ಲಿ ಏನ ಮಾಡೂದು? ಅವರು ಗ್ವಾಡಿ ಇಡಲಿಲ್ಲ. ಬಲಗಡೆ ಹೊರಗ ಹೋದ ರಾಕೆಟ್ ಎಡಗಡೆಯಿಂದ ಒಳಗ ಬರ್ತಿತ್ತು. ದೇವರ ಗುಡಿ ಪ್ರದಕ್ಷಿಣಿ ಹಾಕಿದಂಗ. ಹೊರಗ ಅನ್ನೂದ ಇಲ್ಲ ಅಂದ ಮ್ಯಾಲೆ ಗ್ವಾಡಿ ಯಾಕ ಬೇಕು?

1972ರಾಗ ಅಟಾರಿ ಕಂಪನಿ ಪಾಂಗ್ ಅಂತ ಆಟ ತಂತು. ಟೇಬಲ್ ಟೆನಿಸ್ ಇದ್ದಂಗ. ಚೆಂಡು ಮ್ಯಾಲೆ ಕೆಳಗ ಪರದೆಯ ಅಂಚಿಗೆ ಬಡದು ತಿರುಗಿ ಬರ್ತದ, ಆದ್ರ ಅಲ್ಲೆ ಒಂದು ಗೆರಿನೂ ಎಳದಿಲ್ಲ. ಇದರಾಗ ಇನ್ನೊಂದು ಮಜಾ ಅದ. ಆಡೋರ ಬ್ಯಾಟು ಪರದೆಯ ತುದಿ ತನಕ ಮ್ಯಾಲೆ ಹೋಗೂದ ಇಲ್ಲ, ಸ್ವಲ್ಪ ಮೊದಲ ನಿಂತುಬಿಡ್ತದ. ಒಳಗಿನ ಸರ್ಕಿಟ್ಟಿನಾಗಿದ್ದ ಸಣ್ಣ ದೋಷ ಅದು. ಅದನ್ನ ಮಾಡಿದ ಅಲನ್ ಆಲ್ಕಾರ್ನ್ ಇದು ಇದ್ರ ಛಲೋನ ಅಂತ ಹಂಗ ಬಿಟ್ಟ. ಯಾಕಂದ್ರ ಬ್ಯಾಟು ಎಲ್ಲಾ ಕಡೆ ಮುಟ್ಟಿದ್ರ ಛಲೋ ಆಡೋ ಇಬ್ಬರು ಬೆಳತನಕ ಆಡಕೋತ ಕೂಡತಿದ್ರು, ಆಟ ಮುಗೀತಿರಲಿಲ್ಲ. ಕಾಣಲಾರದ ಅಡ್ಡಿ ಒಂದು ಇದ್ದದ್ದಕ್ಕ ಆಟ ಆಟ ಆತು.

ಈಗ ನಮ್ಮ ಮನಿಗೆ ಬರೋಣು. ನಿಮಗೆಲ್ಲಾ ನೆನಪಿರಬೇಕು, ತೊಂಬತ್ತರ ದಶಕದಾಗ ಟಿವಿಗೆ ಹಚ್ಚೋ ಗೇಮಿನ ಡಬ್ಬಿ ಬಂದಿತ್ತು. ನಮ್ಮ ಮೈದುನ ಮುಂಬೈಯಿಂದ ತಂದಿದ್ದ. ಸೂಟಿಯೊಳಗ ಮಕ್ಕಳೆಲ್ಲಾ ಅದರ ಮುಂದನ ಇರ್ತಿದ್ವು, ಮಧ್ಯಾಹ್ನದ ಸೀರಿಯಲ್ ನೋಡಲಿಕ್ಕೆ ನಮಗ ಟಿವಿ ಸಿಗ್ತಿರಲಿಲ್ಲ. ಅದರಾಗ ಮೀಸಿ ಇದ್ದ ಕುಳ್ಳ ಒಬ್ಬಾಂವ ಜಿಗಕೋತ ಹೋಗ್ತಿದ್ದ ನೋಡ್ರಿ, ಅವನ ಮಾರಿಯೋ. ಜಪಾನಿನ ನಿಂಟೆಂಡೋ ಕಂಪನಿ 1985ರಾಗ ತಂದ ಆಟ. ಶಿಗೆರು ಮಿಯಾಮೊಟೊ ಮತ್ತ ತಕಾಶಿ ತೆಜುಕಾ ಅನ್ನೋರು ಮಾಡಿದ್ದು. ನಮ್ಮ ದೊಡ್ಡ ಮಗ ಆಡೂಮುಂದ ನಾನೂ ಒಮ್ಮೆ ಕೂತು ನೋಡಿದ್ದೆ. "ಹಿಂದ ಒಂದು ನಾಣ್ಯ ಬಿಟ್ಟ ಬಂದಿ, ತಿರುಗಿ ಹೋಗಿ ತಗೋ" ಅಂದೆ. "ಹಿಂದ ಹೋಗಲಿಕ್ಕೆ ಬರಂಗಿಲ್ಲವಾ" ಅಂದ.

ಖರೇನ ಬರೂದಿಲ್ಲ. ಮಾರಿಯೋ ಬಲಕ್ಕ ಹೋದಂಗ ಪರದೆ ಸರೀತದ, ಸರದದ್ದು ಮತ್ತ ತಿರುಗಿ ಬರೂದಿಲ್ಲ. ಎಡಗಡೆ ಅಂಚಿಗೆ ಬಂದ್ರ ಅಲ್ಲೇ ನಿಲ್ಲಬೇಕು. ಆ ಡಬ್ಬಿಯೊಳಗ ಕೆಲಸಕ್ಕಿದ್ದ ನೆನಪು ಬರೇ 2 ಕೆಬಿ. ಆ ಆಟದ ಕ್ಯಾಸೆಟ್ಟು ಪೂರಾ 40 ಕೆಬಿ. ಈಗ ನೀವು ವಾಟ್ಸಾಪಿನಾಗ ಕಳಸೋ ಒಂದು ಗುಡ್ ಮಾರ್ನಿಂಗ್ ಹೂವಿನ ಫೋಟೋ ಅದಕ್ಕಿಂತ ದೊಡ್ಡದಿರ್ತದ. ಅಷ್ಟರಾಗ ಎಂಟು ಲೋಕ, ಒಂದೊಂದರಾಗ ನಾಕು ಹಂತ ತುಂಬಿದಾರ. ಹಿಂದ ಬಿಟ್ಟದ್ದನ್ನ ಇಟಗೊಳ್ಳೋ ಗೊಡವಿಗೇ ಆಟ ಹೋಗಲಿಲ್ಲ. 1988ರ ಮೂರನೇ ಮಾರಿಯೋ ಹೊತ್ತಿಗೆ ಹಿಂದ ತಿರುಗಿ ಹೋಗಲಿಕ್ಕೂ ಬಂತು.

ಅದ ಮೊದಲನೇ ಮಾರಿಯೋದಾಗ ಒಂದು ಗ್ವಾಡಿ ಪೊಳ್ಳ ಇತ್ತು. ಮೊದಲ ಲೋಕದ ಎರಡನೇ ಹಂತದ ಕೊನಿಗೆ ಒಂದು ಇಟ್ಟಂಗಿ ಗ್ವಾಡಿ ಅದ. ಬೆನ್ನು ಮಾಡಿ, ಸರಿಯಾದ ಕಡೆ ಜಿಗದ್ರ ಮಾರಿಯೋ ಆ ಗ್ವಾಡಿಯೊಳಗಿಂದನ ಜಾರಿ ಆಚೆ ಹೋಗ್ತಾನ. ಅಲ್ಲಿನ ಕೊಳವಿಯೊಳಗ ಇಳದ್ರ ಒಂದು ನೀರಿನ ಲೋಕ ಬರ್ತದ. ಅದಕ್ಕ ಕೊನಿನ ಇಲ್ಲ, ಈಜಿ ಈಜಿ ಮತ್ತ ಮೊದಲಿಗೇ ಬರ್ತೀರಿ. ಖರೇ ಅಂದ್ರ ಅದು 36ನೇ ಲೋಕ. ಆದ್ರ ಆ ಯಂತ್ರದಾಗ 36ನೇ ನಂಬರಿನ ಚಿತ್ರ ಖಾಲಿ ಚೌಕ. ಅದಕ್ಕ ಪರದೆ ಮ್ಯಾಲೆ ಖಾಲಿ ಜಾಗಾ, ಒಂದು ಅಡ್ಡಗೆರಿ, ಮುಂದ 1 ಅಂತ ಕಾಣಸ್ತದ. ಹುಡುಗೂರು ಅದನ್ನ "ಮೈನಸ್ ಲೋಕ" ಅಂತ ಕರದ್ರು. ಯಾರೂ ಕಟ್ಟಲಾರದ ಊರು ಅದು. ಗ್ವಾಡಿ ಒಂದು ಸಡಲ ಇದ್ದದ್ದಕ್ಕ ಹುಟ್ಟಿದ್ದು.

"ಇಂಥಾದನ್ನ ಹುಡುಕೂದ ಅವ್ವಾ ನನ್ನ ಕೆಲಸ" ಅಂದ್ಲು ನನ್ನ ಮಗಳು. ಹೊಸ ಆಟದಾಗ ಒಂದೊಂದು ಕ್ವಾಣಿಗೆ ಹೋಗಿ, ಗ್ವಾಡಿಗೆ ಮೈ ಉಜ್ಜಿಕೋತ ಸುತ್ತೂದು. ಎಲ್ಲೆರೆ ಸಂದಿ ಅದೇನು, ಎಲ್ಲೆರೆ ಗೊಂಬಿ ನೆಲದೊಳಗ ಕುಸೀತದೇನು. ಸಿಕ್ರ ಆ ಜಾಗಾದ ಅಳತಿ ಬರದು, ಹೆಂಗ ಹೋದೆ ಅಂತ ಒಂದೊಂದು ಹೆಜ್ಜಿ ಬರದು, ವಿಡಿಯೋ ತಗದು ಕಳಸೂದು. ಅವರು ಸರಿ ಮಾಡಿ ತಿರುಗಿ ಕಳಸಿದ ಮ್ಯಾಲೆ ಮತ್ತ ಅದ ಗ್ವಾಡಿಗೆ ಹೋಗಿ ಮೈ ಉಜ್ಜೂದು. ಒಂದು ಊರನ್ನ ಹಿಂಗ ತಿಂಗಳಾನುಗಟ್ಟಲೆ ತಡವಿದಾಳ ಅಕಿ. ಅಕ್ಕಿ ಹಸನು ಮಾಡೂದನ್ನ ನಾವು ಆಟ ಅಂತೀವೇನು?

ಇದಕಿಂತ ಹಳೇ ಕತಿ ಒಂದದ, ಅದನ್ನ ಹೇಳೂಮುಂದ ಅಕಿ ದನಿ ಬ್ಯಾರೆ ಆತು. ಅಟಾರಿ ಕಂಪನಿಯೊಳಗ ಆಟ ಮಾಡಿದವರ ಹೆಸರು ಎಲ್ಲೂ ಹಾಕ್ತಿರಲಿಲ್ಲ. ಡಬ್ಬಿ ಮ್ಯಾಲೂ ಇಲ್ಲ, ಆಟದಾಗೂ ಇಲ್ಲ. ವಾರೆನ್ ರಾಬಿನೆಟ್ ಅನ್ನೋ ಹುಡುಗ ಅಡ್ವೆಂಚರ್ ಅನ್ನೋ ಆಟ ಒಬ್ಬಾವನ ಕೂತು ಮಾಡಿದ. ಅದು 1980ರ ಹೊತ್ತಿಗೆ ಅಂಗಡಿಗೆ ಬಂತು, ಬರೇ 4 ಕೆಬಿ ಆಟ. ಯಾರಿಗೂ ಹೇಳಲಾರದ ಅದರಾಗ ಒಂದು ಗುಪ್ತ ಖೋಲಿ ಕಟ್ಟಿದ. ಕರೇ ಕೋಟಿಯ ಒಳಗಿನ ಚಕ್ರವ್ಯೂಹದಾಗ ಒಂದು ಬೂದಿ ಬಣ್ಣದ ಚುಕ್ಕಿ ಇಟ್ಟ. ನೆಲದ ಬಣ್ಣನೂ ಅದ, ಅದಕ್ಕ ಚುಕ್ಕಿ ಕಾಣಸೂದ ಇಲ್ಲ. ಅದನ್ನ ತಡವಿ ಹುಡುಕಿ, ಎತ್ತಿಕೊಂಡು ಇನ್ನೊಂದು ಕಡೆ ಒಯ್ದ್ರ, ಅಲ್ಲಿನ ಗ್ವಾಡಿ ದಾಟಲಿಕ್ಕೆ ಬರ್ತದ. ಆಚೆ ಕಡೆ ಖೋಲಿಯೊಳಗ ಬಣ್ಣ ಬಣ್ಣದ ಅಕ್ಷರದಾಗ ಅವನ ಹೆಸರದ, ಈ ಆಟ ಮಾಡಿದಾಂವ ನಾನು ಅಂತ. ಸಾಲ್ಟ್ ಲೇಕ್ ಸಿಟಿಯ 15 ವರ್ಷದ ಹುಡುಗ ಒಬ್ಬಾಂವ ಅದನ್ನ ಹುಡುಕಿ ಕಂಪನಿಗೆ ಕಾಗದ ಬರದ. ಅಷ್ಟೊತ್ತಿಗೆ ರಾಬಿನೆಟ್ ಅಟಾರಿ ಬಿಟ್ಟು ಹೋಗಿದ್ದ. ಅದನ್ನ ತಗಿಯೋ ಬದಲು ಕಂಪನಿಯವರು ಇರಲಿ ಅಂದ್ರು. ಅಲ್ಲಿನ ಒಬ್ಬ ಅಧಿಕಾರಿ ಅದಕ್ಕ "ಈಸ್ಟರ್ ಎಗ್" ಅಂತ ಹೆಸರಿಟ್ಟ, ಕ್ರಿಶ್ಚನ್ನರ ಹಬ್ಬದಾಗ ಮಕ್ಕಳಿಂದ ತತ್ತಿ ಹುಡುಕಸ್ತಾರಲ್ಲ, ಹಂಗ. ಈಗೂ ಆ ಹೆಸರ ನಡದದ.

ನಾ ಕೇಳಿದೆ, "ನಿನ್ನ ಹೆಸರು ಬರ್ತದೇನು ಆಟದಾಗ?" ಸ್ವಲ್ಪ ಹೊತ್ತು ಸುಮ್ಮನಿದ್ಲು. ಎರಡು ವರ್ಷ ಕೆಲಸ ಮಾಡಿದ ಆಟದ ಕೊನಿಗೆ ಹೆಸರಿನ ಪಟ್ಟಿ ಬಂದಾಗ, ಅಕಿ ಕಂಪನಿ ಹೆಸರು ಒಂದು ಸಾಲು ಇತ್ತಂತ. ಒಳಗಿನ ಹುಡುಗೂರ ಹೆಸರು ಇರಲಿಲ್ಲಂತ. "ಅವರೂ ಹೇಳಂಗಿಲ್ಲ, ನೀನೂ ಹೇಳಂಗಿಲ್ಲ ಅವ್ವಾ" ಅಂದ್ಲು. ಕೈಯಾಗಿನ ಚಕ್ಕಲಿ ಹಂಗ ಹಿಡಕೊಂಡು ಕೂತೆ ನಾ.

ಮರುದಿನ ಡೂಮ್ ಅನ್ನೋ ಆಟ ತೋರಿಸಿದ್ಲು. 1993ರ ಡಿಸೆಂಬರ್‌ದಾಗ ಬಂದದ್ದು. ರಾಕ್ಷಸರನ್ನ ಗುಂಡು ಹೊಡಿಯೂದು, ನನಗ ನೋಡಲಿಕ್ಕಾಗಲಿಲ್ಲ. ಆದ್ರ ಆ ಆಟದ ಊರು ಹೆಂಗ ಕಟ್ಟತಾರ ಅಂತ ನಕಾಶಿ ತೋರಿಸಿದಾಗ ಕಣ್ಣು ಅರಳಿತು. ಅಂಗಳದಾಗ ಹಾಕೋ ಚುಕ್ಕಿ ರಂಗೋಲಿನ ನೋಡ್ರಿ ಅದು! ಮೊದಲ ಚುಕ್ಕಿ ಇಡತಾರ, ಆಮ್ಯಾಲೆ ಚುಕ್ಕಿಯಿಂದ ಚುಕ್ಕಿಗೆ ಗೆರಿ ಎಳೀತಾರ. ಒಂದೊಂದು ಗೆರಿಗೂ ಒಂದೊಂದು ಗುಣ ಹಚ್ಚತಾರ. ಒಂದು ಗೆರಿ ಬರೇ ನೆಲದ ಬಣ್ಣ ಬದಲಾಗೂದಕ್ಕ. ಇನ್ನೊಂದು ಗೆರಿಗೆ "ದಾಟಬಾರದು" ಅನ್ನೋ ಗುಣ ಹಚ್ಚಿದ್ರ ಅಲ್ಲೆ ಏನೂ ಕಾಣಸೂದಿಲ್ಲ, ಆದ್ರ ದಾಟಲಿಕ್ಕೆ ಬರೂದಿಲ್ಲ. ಮತ್ತೊಂದು ಗುಣ ಅದ: ರಾಕ್ಷಸರು ಮಾತ್ರ ದಾಟಬಾರದು, ಆಡೋರು ದಾಟಬಹುದು. "ಅಯ್ಯ, ಇದು ಲಕ್ಷ್ಮಣರೇಖಾ!" ಅಂದೆ. ರಾವಣ ಒಳಗ ಬರಲಾರ, ಸೀತಾ ಹೊರಗ ಹೋಗಬಹುದು. ಮಗಳು ಇಷ್ಟ ನಕ್ಕಿದ್ಲು, ಆ ಹಬ್ಬದಾಗ ಮೊದಲನೇ ಸಲ.

ಆ ಆಟ ಮಾಡಿದವರಾಗ ಒಬ್ಬಾಂವ ಜಾನ್ ರೊಮೆರೊ. ನಮ್ಮ ದೊಡ್ಡ ಮಗ ಕಂಪ್ಯೂಟರ್ ಕ್ಲಾಸಿಗೆ ಹೋಗ್ತಿದ್ದಾಗ ಸರ್ ಇಲ್ಲದ ಹೊತ್ತಿನಾಗ ಎಲ್ಲಾರೂ ಡೇಂಜರಸ್ ಡೇವ್ ಆಡ್ತಿದ್ರಲ್ಲ, ಕೆಂಪು ಟೊಪ್ಪಿಗಿ ಹುಡುಗಂದು, ಅದೂ ಇವನ ಮಾಡಿದ್ದು. ಡೂಮಿನಾಗ ಒಂದು ಗುಪ್ತ ಮಂತ್ರ ಟೈಪ್ ಮಾಡಿದ್ರ ಎಲ್ಲಾ ಗ್ವಾಡಿ ದಾಟಿ ಹೋಗಬಹುದಿತ್ತು. 1996ರಾಗ ಅವರ ಕ್ವೇಕ್ ಅನ್ನೋ ಆಟ ಬರೂದ್ರಾಗ, ಊರು ಕಟ್ಟೋರ ಕೈಯಾಗ ಕಾಣಲಾರದ ಗ್ವಾಡಿಗೇ ಒಂದು ಬ್ಯಾರೆ ಇಟ್ಟಂಗಿ ಬಂದಿತ್ತು, ಅದಕ್ಕ "ಕ್ಲಿಪ್" ಅಂತಾರ. ಗ್ವಾಡಿ ದಾಟೋ ಮಂತ್ರಕ್ಕ "ನೋಕ್ಲಿಪ್".

ಆ ನಕಾಶಿ ನೋಡಿಕೋತ ನನಗ ನಮ್ಮ ಹಳೇ ವಾಡೆ ನೆನಪಾತು. ನಾ ಲಗ್ನ ಆಗಿ ಬಂದ ಹೊಸದಾಗ, ಮಾವನವರು ಪಡಸಾಲ್ಯಾಗ ಕೂತಿದ್ರ ನಾ ನಡುಮನಿ ಬಾಗಲದಾಗನ ನಿಲ್ತಿದ್ದೆ. ಮುಂದಿನ ಕಟ್ಟಿಗೆ ಹೋಗಬೇಕಂದ್ರ ಹಿತ್ತಲದಿಂದ ಸುತ್ತು ಹಾಕಿ ಹೋಗ್ತಿದ್ದೆ. ದಾಟಬ್ಯಾಡ ಅಂತ ಅತ್ತಿ ಹೇಳಿರಲಿಲ್ಲ, ಮಾವನವರೂ ಹೇಳಿರಲಿಲ್ಲ. ಗೆರಿ ಎಲ್ಲೆ ಅದ ಅಂತ ನನ್ನ ಕಾಲಿಗೆ ಗೊತ್ತಿತ್ತು. ಹನ್ನೊಂದು ವರ್ಷದ ಮ್ಯಾಲೆ, ಮಾವನವರು ಹೋದ ವರ್ಷ, ಒಂದಿನ ಪಡಸಾಲ್ಯಾಗಿಂದ ಸೀದಾ ನಡದು ಕಟ್ಟಿಗೆ ಬಂದು ನಿಂತೆ. ಏನೂ ಆಗಲಿಲ್ಲ. ನಿಮಗೂ ಇಂಥಾವು ಇದ್ದಾವು, ಕಾಕು. ಮಗಳಿಗೆ ಇದನ್ನ ಹೇಳಿದ್ರ ಅಕಿ, "ಹೂಂ ಅವ್ವಾ, ಈಗ ನನಗೊಂದು ಕಟ್ಟಿದಿ" ಅಂದ್ಲು. ಮುಂದ ಏನೂ ಹೇಳಲಿಲ್ಲ. ಮತ್ತ ಆಟಕ್ಕ ತಿರುಗಿದ್ಲು.

ಎಲ್ಲಾ ಕಾಣಲಾರದ ಗ್ವಾಡಿ ಬೇಕಂತನ ಕಟ್ಟಿದ್ದಲ್ಲ. 1996ರಾಗ ಮಾರಿಯೋ 64 ಅಂತ ಬಂತು. ಅದರಾಗ ಮಾರಿಯೋ ಬಯಲಾಗ ಜಿಗದ್ರೂ ಒಮ್ಮೊಮ್ಮೆ ಏನೂ ಇಲ್ಲದಲ್ಲಿ ಬಡಕೊಂಡು ಬೀಳತಿದ್ದ. ಇದು ಯಾಕ ಅಂತ ತಿಳಿಯಲಿಕ್ಕೆ ಆಟದ ಹುಚ್ಚು ಇದ್ದವರು ವರ್ಷಾನುಗಟ್ಟಲೆ ಒಳಗಿನ ಲೆಕ್ಕಾ ತಗದು ನೋಡಿದ್ರು. 2024ರಾಗ ಒಬ್ಬಾಂವ ಬರೇ ಈ ಒಂದು ವಿಷಯದ ಮ್ಯಾಲೆ ಮೂರುವರಿ ತಾಸಿಗಿಂತ ಹೆಚ್ಚಿನ ವಿಡಿಯೋ ಮಾಡಿದ. ಅದರ ತಾತ್ಪರ್ಯ ನಮ್ಮ ಭಾಷಾದಾಗ ಹೇಳಬೇಕಂದ್ರ ಕೌದಿ ಹೊಲಿಯೂದು. ಆಟದ ನೆಲ ಅಂದ್ರ ಮೂರು ಮೂಲಿಯ ಚಿಂದಿ ಜೋಡಿಸಿ ಹೊಲದ ಕೌದಿ. ಮೂಲಿ ಎಲ್ಲೆ ಬರಬೇಕು ಅನ್ನೂದು ಪೂರ್ತಿ ಅಂಕಿಯೊಳಗನ ಇರಬೇಕು, ಅರ್ಧ ಪಾವು ನಡಿಯೂದಿಲ್ಲ. ಹಿಂಗಾಗಿ ಎರಡು ಚಿಂದಿ ಕೂಡೋ ಕಡೆ ಕೂದಲೆಳಿಯಷ್ಟು ಸಂದಿ ಉಳೀತದ. ಆ ಆಟದಾಗ ಛಾವಣಿಗೆ ಒಂದು ವಿಚಿತ್ರ ಗುಣ. ಮ್ಯಾಲೆ ನೆಲ ಸಿಗೋ ತನಕ ಅದರ ಅಡ್ಡಿ ಮ್ಯಾಲೆ ಏರಕೋತ ಹೋಗ್ತದ. ಸಂದಿಯೊಳಗ ನೆಲ ಇಲ್ಲ, ಅದಕ್ಕ ಕೆಳಗಿನ ಛಾವಣಿಯ ಅಡ್ಡಿ ಆ ಕೂದಲೆಳಿ ಸಂದಿಯಿಂದ ಮ್ಯಾಲೆ ಎದ್ದು, ಆಕಾಶದ ತನಕ ಕಾಣಲಾರದ ಗ್ವಾಡಿ ಆಗಿ ನಿಲ್ತದ. ಒಂದು ಸಣ್ಣ ಹೊಲಿಗಿ ತಪ್ಪು.

ಬೇಕಂತ ಕಟ್ಟೋ ಗ್ವಾಡಿಯೊಳಗೂ ಮರ್ಯಾದಿ ಇದ್ದದ್ದು, ಇಲ್ಲದ್ದು ಅಂತ ಅದ. ಕೆಲವು ಆಟದಾಗ ಬಯಲಾಗ ನಿಲ್ಲಿಸಿ, "ನೀನು ಆ ಕಡೆ ಹೋಗಲಾರಿ, ತಿರುಗಿ ಬಾ" ಅಂತ ಒಂದು ಸಾಲು ಬರದು ತೋರಸ್ತಾರ. 2011ರ ಸ್ಕೈರಿಮ್ ಅನ್ನೋ ಅಷ್ಟು ದೊಡ್ಡ ಆಟದಾಗೂ ಹಿಂಗ. ಆಡೋರಿಗೆ ಇದು ಸಿಟ್ಟು ತರಸ್ತದ. ಕಾರಣ ಕೊಡಲಾರದ ಅಪ್ಪ ಇದ್ದಂಗ. ಅದಕ್ಕ ಜಾಣರು ಕತಿ ಹೆಣೀತಾರ. 2001ರ ಜ್ಯಾಕ್ ಅಂಡ್ ಡ್ಯಾಕ್ಸ್‌ಟರ್ ಆಟದಾಗ ಸಮುದ್ರದಾಗ ಭಾಳ ದೂರ ಈಜಿದ್ರ ಒಂದು ದೊಡ್ಡ ಮೀನು ಬಂದು ನುಂಗತದ. 2004ರ ಒಂದು ಕಾರಿನ ಆಟದಾಗ ಇನ್ನೂ ತೆಗಿಯಲಾರದ ಊರಿಗೆ ಹೊಂಟ್ರ ಪೋಲಿಸರು ಬೆನ್ನ ಹತ್ತತಾರ.

ನನಗ ಎಲ್ಲಾಕ್ಕಿಂತ ಸೇರಿದ್ದು ಪೋಕೆಮಾನ್. 1996ರಾಗ ಜಪಾನಿನಾಗ ಬಂದದ್ದು. ಅದರಾಗ ಒಂದು ಊರಿನ ನಾಕೂ ಅಗಸಿಯೊಳಗ ಕಾವಲುಗಾರ ನಿಂತಾನ. ಒಳಗ ಬಿಡಂಗಿಲ್ಲ. ಯಾಕಂದ್ರ ಅವಗ ನೀರಡಿಕಿ ಆಗೇದ! ಬಾಜೂ ಊರಿನ ದೊಡ್ಡ ಅಂಗಡಿಯ ಮಾಳಿಗಿ ಮ್ಯಾಲೆ ಯಂತ್ರದಾಗ ನೀರೋ ಸೋಡಾನೋ ತಗೊಂಡು ಬಂದು ಕೊಟ್ರ, ಕುಡದು ಹಾದಿ ಬಿಡ್ತಾನ. ಮೂರು ದಿನದಾಗ ನಾ ನೋಡಿದ ಗ್ವಾಡಿಯೊಳಗ ಇದೊಂದಕ್ಕ ಮನಷಾರ ಮುಖ ಇತ್ತು. ಇನ್ನೊಂದು ಕಡೆ ಹಾದಿಯೊಳಗ ಡುಮ್ಮ ಪ್ರಾಣಿ ಒಂದು ಅಡ್ಡ ಮಲಗ್ಯದ, ಕೊಳಲು ಊದಿದ್ರನ ಏಳತದ.

ಕಾಣಲಾರದ ಗ್ವಾಡಿ ಉಪಕಾರನೂ ಮಾಡ್ತಾವ, ಇದು ನನಗ ಗೊತ್ತಿರಲಿಲ್ಲ. ಆಟದಾಗ ಮೆಟ್ಟಲಾ ಇದ್ದಲ್ಲಿ, ಅದರ ಮ್ಯಾಲೆ ಎಷ್ಟೋ ಸಲ ಕಾಣಲಾರದ ಇಳಿಜಾರು ಹಾಸಿರ್ತಾರ. ಕಣ್ಣಿಗೆ ಮೆಟ್ಟಲಾ, ಕಾಲಿಗೆ ಇಳಿಜಾರು. ಇಲ್ಲಂದ್ರ ಒಂದೊಂದು ಮೆಟ್ಟಲಕ್ಕೂ ಪರದೆ ಗಡಗಡ ಅಲುಗಾಡಿ ತಲಿ ತಿರುಗತದ. ಕಂಬದ ಸುತ್ತ, ಚೌಕಟ್ಟಿನ ಮೂಲಿಗೆ ನುಣುಪಾದ ಕಾಣಲಾರದ ಹೊದಿಕಿ ಹಾಕಿರ್ತಾರ, ಓಡೋ ಗೊಂಬಿ ಅಲ್ಲೆ ಸಿಕ್ಕೊಬಾರದಂತ. ಅಂಬೆಗಾಲಿಡೋ ಕೂಸಿನ ಸಲುವಾಗಿ ಟೇಬಲ್ ಮೂಲಿಗೆ ನಾವು ಅರಿವಿ ಸುತ್ತೂದಿಲ್ಲೇನು, ಹಂಗ. ಛಲೋ ಆದ್ರ ಯಾರಿಗೂ ಗೊತ್ತಾಗೂದಿಲ್ಲ. ಕೆಟ್ರನ ಬೈತಾರ. ಅಡಿಗಿ ಕೆಲಸ ಮಾಡೋರಿಗೆ ಇದನ್ನ ನಾ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನ ಕಡೀದು. ಮೈನ್‌ಕ್ರಾಫ್ಟ್ ಅಂತ ಅದ, ಇಟ್ಟಂಗಿ ಇಟ್ಟು ಮನಿ ಕಟ್ಟೋ ಆಟ. ನಮ್ಮ ಮೊಮ್ಮಕ್ಕಳು ಆಡ್ತಾವಲ್ಲ, ಅದ. ಅದರ ಹಳೇ ಆವೃತ್ತಿಯೊಳಗ ಅಂಚಿಗೆ ಗ್ವಾಡಿ ಇರಲಿಲ್ಲ. ನಡಕೋತ ಹೋದ್ರ, ಸುಮಾರು 1 ಕೋಟಿ 25 ಲಕ್ಷ ಇಟ್ಟಂಗಿ ದೂರ ಹೋದ ಮ್ಯಾಲೆ, ಭೂಮಿ ಹುಟ್ಟಿಸೋ ಲೆಕ್ಕನ ತಪ್ಪಿ, ತೂತು ತೂತಾದ ದೊಡ್ಡ ಗ್ವಾಡಿಗಳಂಥಾ ಗುಡ್ಡ ಎದ್ದು ನಿಲ್ತಿದ್ವು. ಆ ಆಟದಾಗ ಒಂದು ಇಟ್ಟಂಗಿ ಅಂದ್ರ ಒಂದು ಮೀಟರ್. ಅಂದ್ರ 12,500 ಕಿಲೋಮೀಟರ್. ಅದಕ್ಕ "ಫಾರ್ ಲ್ಯಾಂಡ್ಸ್" ಅಂತ ಹೆಸರಾತು. 2011ರ ಮಾರ್ಚ್‌ದಾಗ ಒಬ್ಬಾಂವ ಅದನ್ನ ನೋಡೇ ನೋಡ್ತೀನಿ ಅಂತ ಪಶ್ಚಿಮಕ್ಕ ಮುಖ ಮಾಡಿ ನಡಿಯಲಿಕ್ಕೆ ಸುರು ಮಾಡಿದ, ವರ್ಷಾನುಗಟ್ಟಲೆ ನಡದ, ಆ ನಡಿಗಿ ತೋರಿಸಿ ಮಕ್ಕಳ ಸಹಾಯಕ್ಕ ರೊಕ್ಕಾ ಕೂಡಿಸಿದ. ಅದ ವರ್ಷದ ಸೆಪ್ಟೆಂಬರ್‌ದಾಗ ಕಂಪನಿಯವರು ಲೆಕ್ಕಾ ಸರಿ ಮಾಡಿ ಆ ಗುಡ್ಡ ತಗದುಬಿಟ್ರು. ಅಂವ ಮಾತ್ರ ಹಳೇ ಆವೃತ್ತಿ ಇಟಗೊಂಡು ನಡಕೋತನ ಹೋದ. ಈಗ 3 ಕೋಟಿ ಇಟ್ಟಂಗಿ ದೂರಕ್ಕ ಬೇಲಿ ಅದ. 2014ರಾಗ ಆಡೋರ ಕೈಗೇ ಕಾಣಲಾರದ ಇಟ್ಟಂಗಿ ಬಂತು. ಅದನ್ನ ಕೈಯಾಗ ಹಿಡದಾಗ ಮಾತ್ರ ಎಲ್ಲೆಲ್ಲಿ ಇಟ್ಟದ ಅಂತ ಕೆಂಪು ಗುರ್ತು ಕಾಣಸ್ತದ. ಕಟ್ಟಿದವರಿಗೆ ಮಾತ್ರ ಕಾಣೋ ಗ್ವಾಡಿ.

ಆ ಕೆಂಪು ಗುರ್ತು ನೋಡಿಕೋತ ನಾ ಭಾಳ ಹೊತ್ತು ಕೂತಿದ್ದೆ. "ಸಾಫ್ಟ್‌ವೇರ್" ಅನ್ನೋ ಇಟ್ಟಂಗಿ ನನ್ನ ಕೈಯಾಗನ ಇತ್ತಲ್ಲ.

ಬಲಿಪಾಡ್ಯಮಿ ಮರುದಿನ ನಾ ಆ ಹುಡುಗನ ತಾಯಿಗೆ ಫೋನ್ ಮಾಡಿದೆ. "ನಾ ಅವತ್ತು ಸರಿ ಹೇಳಲಿಲ್ಲರಿ. ನಮ್ಮ ಹುಡುಗಿ ವಿಡಿಯೋ ಗೇಮ್ ಟೆಸ್ಟರ್ ಇದ್ದಾಳ. ಬ್ಯಾಂಕಿನ ಕೆಲಸ ಅಲ್ಲ" ಅಂದೆ. ಗ್ವಾಡಿ, ಸಂದಿ, ಅಳತಿ ಬರದು ಕಳಸೂದು, ಎಲ್ಲಾ ಹೇಳಲಿಕ್ಕೆ ಹೋದೆ. ಅರ್ಧಕ್ಕ ಅವರು, "ಹೌದೇನ್ರಿ, ಮನ್ಯಾಗ ಕೇಳಿ ಹೇಳ್ತೀವಿ" ಅಂದ್ರು. ಆಮ್ಯಾಲೆ ಅವರ ಫೋನ್ ಬರಲಿಲ್ಲ. ನಮ್ಮ ಮನಿಯವರು ಎಂಟು ದಿನ ನನ್ನ ಕೂಡ ಸರಿಯಾಗಿ ಮಾತಾಡಲಿಲ್ಲ. "ನಿನ್ನ ಯಾರು ಕೇಳಿದ್ರು ಫೋನ್ ಮಾಡು ಅಂತ" ಅಂದ್ರು. ಛಲೋ ಸಂಬಂಧ ಹೋತು ಅಂತ ನನಗೂ ಹೊಟ್ಟಿಯೊಳಗ ಕಸಿವಿಸಿ ಆಗಿಲ್ಲ ಅಂದ್ರ ಸುಳ್ಳಾಗ್ತದ. ರಾತ್ರಿ ಎಚ್ಚರ ಆದ್ರ ಈಗೂ ಒಮ್ಮೊಮ್ಮೆ ಅನಸ್ತದ, ಹಂಗ ಇದ್ದಿದ್ರ ಏನ ಆಗ್ತಿತ್ತು ಅಂತ.

ಮಗಳಿಗೆ ಹೇಳಿದೆ. ಬೈತಾಳ ಅನ್ಕೊಂಡಿದ್ದೆ. "ಏನ ಹೇಳಿದಿ ಅವ್ವಾ ಅವರಿಗೆ, ಶಬ್ದಾ ಶಬ್ದಾ ಹೇಳು" ಅಂತ ಎರಡು ಸಲ ಹೇಳಿಸಿಕೊಂಡ್ಲು. ಅಳತಿ ಅನ್ನೋ ಕಡೆ ನಾ ಮಾಡಿದ ತಪ್ಪು ತಿದ್ದಿದ್ಲು. ಆಮ್ಯಾಲೆ "ಚಕ್ಕಲಿ ಇನ್ನೊಂದು ಡಬ್ಬಿ ಕಟ್ಟು, ನಮ್ಮ ಟೀಮಿನವರಿಗೆ ಒಯ್ತೀನಿ" ಅಂದ್ಲು. ಮೊದಲೆಲ್ಲಾ ಅಕಿ ಆಫೀಸಿನವರ ಸುದ್ದಿನ ಮನ್ಯಾಗ ತಗೀತಿರಲಿಲ್ಲ. ಈಗ ಯಾರು ಏನ ಹುಡಿಕಿದ್ರು, ಯಾರು ಯಾವ ನೆಲದೊಳಗ ಬಿದ್ರು ಅಂತ ವಾರಕ್ಕೆರಡು ಸಲ ಫೋನ್ ಮಾಡಿ ಹೇಳ್ತಾಳ. ಅರ್ಧ ತಿಳಿಯೂದಿಲ್ಲ ನನಗ. ಕೇಳ್ತೀನಿ.

ಅದಕ್ಕ ನಿಮ್ಮೆಲ್ಲಾರಿಗೂ ಇದನ್ನ ಬರದೇನಿ. ವೈನಿ, ಕಾಕು, ನಮ್ಮ ಬೆಳಗಾವಿ ಅಕ್ಕ, ಎಲ್ಲಾರೂ ಕೇಳ್ರಿ. ನಾ ನಿಮಗ ಮೂರು ವರ್ಷ "ಸಾಫ್ಟ್‌ವೇರ್" ಅಂತ ಹೇಳಿದ್ದು ಅರ್ಧ ಸುಳ್ಳು. ನನ್ನ ಮಗಳು ಆಟದ ಊರಿನ ಗ್ವಾಡಿ ತಡವಿ, ಎಲ್ಲೆ ಸಡಲ ಅದ, ಎಲ್ಲೆ ಇಲ್ಲದ ಅಡ್ಡಿ ಅದ ಅಂತ ಹುಡುಕೋ ಕೆಲಸ ಮಾಡ್ತಾಳ. ಇನ್ನ ಮ್ಯಾಲೆ ಯಾರರೆ ಕೇಳಿದ್ರ ನೀವೂ ಹಂಗ ಹೇಳ್ರಿ. ಸಂಕ್ರಾಂತಿಗೆ ಅಕಿ ಬರ್ತಾಳ, ಕುಸರೆಳ್ಳು ತಗೊಳ್ಳಲಿಕ್ಕೆ ಬಂದಾಗ ನೀವ ಅಕಿನ್ನ ಕೇಳ್ರಿ. ನೀರಡಿಸಿದ ಕಾವಲುಗಾರನ್ನ ತೋರಸಂತ ಹೇಳ್ರಿ, ತೋರಸ್ತಾಳ.